ನೀರುಗಂಟಿ ಕಟ್ಟಿದ ಸೊಪ್ಪಿನ ಮಡಿ

ಬೆಸಗರಹಳ್ಳಿಯಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ, ನಾಲೆ ದಾಟಿದ ಕೂಡಲೇ ಸಿಗುವ ಸಣ್ಣ ಊರಿನಲ್ಲಿ ನಿಂಗಯ್ಯನ ಮನೆ. ದಾರಿ ಕೇಳಿದರೆ ಊರಿನವರು, "ಯಾವ ಮನೆ ಮುಂದ್ಲ ನಲ್ಲಿ ತೊಟ್ಟಿಕ್ಕಾಕಿಲ್ವೋ ಅದೇ, ಓಗಿ" ಎನ್ನುತ್ತಾರೆ. ಗುರುತು ಹೇಳುವುದಕ್ಕೆ ಇದಕ್ಕಿಂತ ಸರಿಯಾದ ಕ್ರಮವಿಲ್ಲ. ಊರಿನ ಮಿಕ್ಕ ನಲ್ಲಿಗಳೆಲ್ಲ ತೊಟ್ಟಿಕ್ಕುತ್ತವೆ.

ನಿಂಗಯ್ಯ ನೀರುಗಂಟಿಯಾಗಿದ್ದವನು. ನಾಲೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರು, ಎಷ್ಟು ಹೊತ್ತು ನೀರು ಎಂದು ಪಾಳಿ ನೋಡಿಕೊಂಡು ಬಿಡುವುದು ಅವನ ಕೆಲಸವಾಗಿತ್ತು. ಕೆಲಸ ಬಿಟ್ಟು ವರ್ಷಗಳಾದರೂ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಹಾಗೆ, ಎಲ್ಲಿ ನೀರು ಸೋರುವುದು ಕಂಡರೂ ಅವನ ಕೈ ತಾನಾಗಿ ಅತ್ತ ಹೋಗುತ್ತದೆ. ಮದ್ದೂರಿನ ಛತ್ರದಲ್ಲಿ ಸ್ವಂತ ತಂಗಿಯ ಮಗಳ ಧಾರೆಯ ಹೊತ್ತಿಗೆ ಸೋದರಮಾವ ಎಲ್ಲಿ ಎಂದು ಹುಡುಕಿದರೆ, ಅವನು ಕೈ ತೊಳೆಯುವ ಜಾಗದಲ್ಲಿ ಟವೆಲ್ಲು ಹರಿದು ನಲ್ಲಿಗೆ ಸುತ್ತುತ್ತಿದ್ದ. ವೈದ್ಯನಾಥಪುರದ ದೇವಸ್ಥಾನಕ್ಕೆ ಹೋದಾಗ ಅಭಿಷೇಕದ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿದ್ದರೆ ನಿಂಗಯ್ಯ ಕಣ್ಣು ಬಿಟ್ಟುಕೊಂಡು, ಇಷ್ಟು ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದ. ಗಿಡಗಳ ಬುಡಕ್ಕೆ ಹೋಗುತ್ತದೆ ಎಂದು ಪಕ್ಕದವರು ಯಾರೋ ಸಮಾಧಾನ ಹೇಳಿದ ಮೇಲೆ ಮಂಗಳಾರತಿ ತೆಗೆದುಕೊಂಡ.

ಅವನ ಇನ್ನೊಂದು ಹೆಸರುವಾಸಿ ಎಂದರೆ ನ್ಯಾಯ. ಅವನ ಗದ್ದೆ ತೂಬಿನ ಮಗ್ಗುಲಲ್ಲೇ ಇತ್ತು. ಮನಸ್ಸು ಮಾಡಿದ್ದರೆ ನಾಲೆಗೆ ನೀರು ಬಂದ ದಿನವೇ ತನ್ನ ಗದ್ದೆ ತುಂಬಿಸಿಕೊಳ್ಳಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಯಾರೂ ಆಡಿಕೊಳ್ಳಬಾರದೆಂದು ಅವನು ತನ್ನ ಗದ್ದೆಯ ಬಾಯಿಗೆ ಹುಲ್ಲು, ಜೇಡಿಮಣ್ಣು ಮೆತ್ತಿ ಭದ್ರವಾಗಿ ಮುಚ್ಚಿ, ಕೆಳಗಿನ ಕೊನೆಯ ಗದ್ದೆಯವರೆಗೂ ನೀರು ಮುಟ್ಟಿಸಿ, ಎಲ್ಲರದೂ ಆದ ಮೇಲೆ ತನ್ನದನ್ನು ತೆರೆಯುತ್ತಿದ್ದ. ಕೆಲಸದಿಂದ ಬಿಡುಗಡೆಯಾದ ದಿನ ಊರಿನವರು ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಇದನ್ನೇ ಎತ್ತಿ ಆಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಚಲುವಮ್ಮ ಚಪ್ಪಾಳೆ ತಟ್ಟಿದಳೋ ಇಲ್ಲವೋ ಅವನು ನೋಡಲಿಲ್ಲ.

ಚಲುವಮ್ಮ ಮಳವಳ್ಳಿಯಿಂದಾಚೆ, ನಾಲೆ ಮುಟ್ಟದ ಬೆದ್ದಲು ಊರಿನವಳು. ಅಲ್ಲಿ ರಾಗಿ, ಅವರೆ, ಹಿತ್ತಲ ತುಂಬ ಸೊಪ್ಪು. ಒಣಭೂಮಿಯ ಹೆಣ್ಣನ್ನು ನೀರಾವರಿಗೆ ಕೊಟ್ಟರೆ ಅವಳು ಪುಣ್ಯವಂತೆ ಎನ್ನುವ ಕಾಲದಲ್ಲಿ ಅವಳನ್ನು ಇಲ್ಲಿಗೆ ಕೊಟ್ಟರು. ಪುಣ್ಯದ ಫಲವಾಗಿ ಅವಳು ಗದ್ದೆಗೆ ಇಳಿದು ನಾಟಿ ಕಲಿತಳು, ಮತ್ತು ಆ ಸುತ್ತಿನಲ್ಲಿ ಅವಳಷ್ಟು ಚೆನ್ನಾಗಿ ನೆಡುವವರು ಇಲ್ಲ ಎನ್ನಿಸಿಕೊಂಡಳು. ಈಗ ಗದ್ದೆಯನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟಿದ್ದಾರೆ. ಮಗ ಅಶೋಕ ಮದ್ದೂರು–ಮಳವಳ್ಳಿ ಬಸ್ಸಿನಲ್ಲಿ ಕಂಡಕ್ಟರು, ಸೊಸೆ ರೂಪ ಊರಿನಲ್ಲೇ ಅಂಗನವಾಡಿ ಟೀಚರು. ಅನ್ನಕ್ಕೆ ತೊಂದರೆಯಿಲ್ಲ. ತೊಂದರೆ ಚಲುವಮ್ಮನ ಎರಡು ಮಂಡಿಗಳಿಗೆ ಬಂತು. ಅವು ಸವೆದುಹೋಗಿದ್ದವು. ಮಂಡ್ಯದಲ್ಲಿ ಆಪರೇಷನ್ ಮಾಡಿಸಿ ಹೊಸ ಮಂಡಿ ಹಾಕಿಸಿದರು.

ಹೊಸ ಮಂಡಿಯ ಕಟ್ಟುಪಾಡುಗಳು ಹೊಸ ಅಳಿಯನ ಕಟ್ಟುಪಾಡುಗಳಿಗಿಂತ ಹೆಚ್ಚು. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಿನಲ್ಲಿ ಕೂರಲೇಬಾರದು, ಬಗ್ಗಿ ಭಾರ ಎತ್ತಬಾರದು. ಆದರೆ ದಿನಾ ಎದ್ದು ಓಡಾಡಬೇಕು, ಓಡಾಡದಿದ್ದರೆ ಹಾಕಿದ ಮಂಡಿ ಬಿಗಿದುಕೊಂಡು ಮಾಡಿಸಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎಂದು ಡಾಕ್ಟರು ಎದುರಿಗೇ ಹೇಳಿದ್ದರು. ರೂಪ ಈಳಿಗೆಮಣೆ ಎತ್ತಿಟ್ಟು ಚಾಕು ತಂದಳು, ಒಲೆಯನ್ನು ಕಟ್ಟೆಯ ಮೇಲಿಟ್ಟಳು, ಅತ್ತೆಗೆ ಜಗಲಿಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟಳು. ಚಲುವಮ್ಮ ಆ ಕುರ್ಚಿಯಲ್ಲಿ ಕೂತಳು. ಕೂತವಳು ಏಳಲಿಲ್ಲ.

"ವಸಿ ಓಡಾಡಿ ಅತ್ತೆ," ಎಂದು ರೂಪ ಹೇಳಿದರೆ, "ಎಲ್ಲಿಗೆ ಓಡಾಡ್ಲಿ? ಓಡಾಡಾಕೆ ಒಂದು ಕಾರ್ಣ ಬ್ಯಾಡ್ವಾ?" ಎನ್ನುತ್ತಿದ್ದಳು.

ಮೊದಲೆಲ್ಲ ಕಾರಣವಿತ್ತು. ಬೆಳಗ್ಗೆ ಎದ್ದರೆ ಹಿತ್ತಲಿಗೆ ಹೋಗುತ್ತಿದ್ದಳು. ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಎಂದು ಸಣ್ಣ ಮಡಿಗಳು. ಅವನ್ನು ಕಿತ್ತು ತಂದು ಬಸ್ಸಾರು ಮಾಡಿದರೇ ಆ ದಿನ ಬೆಳಗಾದ ಹಾಗೆ. ಕೂರಲಾರದವಳು ಕಳೆ ಕೀಳುವುದು ಹೇಗೆ? ಹಿತ್ತಲಲ್ಲಿ ಪಾರ್ಥೇನಿಯಂ ಎದ್ದಿತು. ಅಶೋಕ ಮದ್ದೂರಿನಿಂದ ಸೊಪ್ಪಿನ ಕಟ್ಟು ತಂದರೆ ಅವಳು ಮೂಸಿ ನೋಡಿ ಪಕ್ಕಕ್ಕೆ ಇಡುತ್ತಿದ್ದಳು. ಮಾತು ಕಡಿಮೆಯಾಯಿತು, ಮುದ್ದೆ ಸಣ್ಣದಾಯಿತು. ಗಂಡನನ್ನು ಬೈಯುವುದನ್ನೂ ನಿಲ್ಲಿಸಿದಳು. ನಿಂಗಯ್ಯನಿಗೆ ದಿಗಿಲಾದದ್ದು ಆಗಲೇ.

ಒಂದು ದಿನ ರೂಪ ಮೊಬೈಲು ಹಿಡಿದು ಬಂದಳು. ವೀಡಿಯೋದಲ್ಲಿ ಯಾವುದೋ ದೇಶದ ಹೆಂಗಸು ಮರದ ಹಲಗೆಗಳಿಂದ ದೊಡ್ಡ ತೊಟ್ಟಿಯಂಥದ್ದನ್ನು ಕಟ್ಟಿ, ಕಾಲು ಕೊಟ್ಟು ಸೊಂಟದ ಎತ್ತರಕ್ಕೆ ನಿಲ್ಲಿಸಿ, ಮಣ್ಣು ತುಂಬಿ, ನಿಂತುಕೊಂಡೇ ಸೊಪ್ಪು ಬೆಳೆಯುತ್ತಿದ್ದಳು. ಚಲುವಮ್ಮ ಅದನ್ನು ಕೊನೆಯವರೆಗೂ ನೋಡಿದಳು. ಮತ್ತೊಮ್ಮೆ ಹಾಕಲು ಹೇಳಿ ನೋಡಿದಳು. ಆಮೇಲೆ ನಿಂಗಯ್ಯನ ಕಡೆ ತಿರುಗಿ, "ನಂಗೊಂದು ಇಂತದ್ದು ಮಾಡ್ಕೊಡು. ಸೊಪ್ಪಿನ ಮಡಿ. ಇನ್ನೇನೂ ಕೇಳಾಕಿಲ್ಲ ನಿನ್ನ" ಎಂದಳು.

ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಕಡಿಮೆ. ನಿಂಗಯ್ಯ ಅವತ್ತೇ ಕೆಲಸಕ್ಕೆ ಕೈ ಹಾಕಿದ.

ಹಲಗೆ ಮನೆಯಲ್ಲೇ ಇದ್ದವು. ನಾಲೆಯ ತೂಬುಗಳಿಗೆ ಕಬ್ಬಿಣದ ಬಾಗಿಲು ಬಂದಾಗ ಹಳೆಯ ಮರದ ಹಲಗೆಗಳನ್ನು ಕಿತ್ತು ದಡದಲ್ಲಿ ಬಿಸಾಡಿದ್ದರು. ನಿಂಗಯ್ಯ ಎಂಜಿನಿಯರನ್ನು ಕೇಳಿ ಅವನ್ನು ತಂದು ಕೊಟ್ಟಿಗೆಯ ಅಟ್ಟದ ಮೇಲೆ ಪೇರಿಸಿದ್ದ. ವರ್ಷಾನುಗಟ್ಟಲೆ ನೀರಿನಲ್ಲಿ ನಿಂತರೂ ಕೊಳೆಯದ ಜಾತಿ ಮರ. ಕಾಲಿಗೆ ಹಳೇ ಕೊಟ್ಟಿಗೆಯ ಕಲ್ಲುಕಂಬಗಳಾದವು. ಬಡಗಿ ಕೆಲಸಕ್ಕೆ ಮದ್ದೂರಿನ ಅಕ್ರಂ ಪಾಷಾ ಬಂದ. ಬಾಗಿಲು, ಕಿಟಕಿ, ಟ್ರಾಕ್ಟರ್ ಟ್ರೈಲರಿನ ಹಲಗೆ, ಏನು ಹೇಳಿದರೂ ಮಾಡುವ ಪಾಷಾನಿಗೆ ಮಣ್ಣಿಗೆ ಮಂಚ ಮಾಡುವುದು ಹೊಸತು. ಆದರೂ ಅವನು ವೀಡಿಯೋ ನೋಡಿ ತಲೆಯಾಡಿಸಿದ. ಚಲುವಮ್ಮನನ್ನು ನಿಲ್ಲಿಸಿ ಸೊಂಟದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೋಡೆಗೆ ಗುರುತು ಹಾಕಿಕೊಂಡ. ಅಳತೆಗೆಂದು ಎದ್ದ ಚಲುವಮ್ಮ ಮತ್ತೆ ಕೂರದೆ ಅಂಗಳದಲ್ಲೇ ಅತ್ತಿಂದಿತ್ತ ಓಡಾಡಿಕೊಂಡು ಕೆಲಸ ನೋಡಿದಳು. ರೂಪ ಇದನ್ನು ಗಮನಿಸಿ ಅಂಗನವಾಡಿಗೆ ಸಂತೋಷದಿಂದ ಹೋದಳು.

ತಳದ ಹಲಗೆ ಬಡಿಯುವ ಹೊತ್ತಿಗೆ ಪಾಷಾ, "ನಿಂಗಣ್ಣ, ಕೆಳಗೆ ತೂತು ಬುಡಬೇಕು. ವೀಡಿಯೋದಾಗೆ ಬುಟ್ಟವ್ರೆ" ಎಂದ.

"ಯಾಕೆ?"

"ನೀರು ಓಗಾಕೆ."

ನಿಂಗಯ್ಯ ಕೈಯಲ್ಲಿದ್ದ ಹಲಗೆ ಕೆಳಗಿಟ್ಟ. "ಏನ್ ಪಾಷಾ, ನೀರು ಓಗಾಕೆ ತೂತು ಮಾಡಿ, ಆಮ್ಯಾಕೆ ಅದಕ್ಕೆ ನೀರು ಉಯ್ಯಾದು ಯಾಕೆ? ನಿಮ್ಮನೇಲಿ ಕೊಡಕ್ಕೂ ತೂತು ಆಕ್ಸಿದ್ದೀಯಾ?"

"ಅದಲ್ಲ ಅಣ್ಣ..."

"ನೀರುಗಂಟಿ ಮನೆ ಅಂಗ್ಳದಲ್ಲಿ ಸೋರೋ ತೊಟ್ಟಿ ಐತಂತೆ ಅಂದ್ರೆ ನಾನು ನಾಲೆ ಕಡೆ ಮುಖ ಇಟ್ಕಂಡು ಓಗಾಕಾಯ್ತದಾ?"

ಚಲುವಮ್ಮ, "ಸೊಪ್ಪಿಗೆ ನೀರು ನಿಂತ್ರೆ ಆಗಾಕಿಲ್ಲ" ಎಂದಳು.

"ಸುಮ್ನಿರು, ನೀರಿನ ಇಸ್ಯ ನಂಗೆ ಏಳ್ಕೊಡ್ಬ್ಯಾಡ," ಎಂದ ನಿಂಗಯ್ಯ.

ಹೀಗೆ ತೂತಿನ ಮಾತು ಮುಗಿಯಿತು. ಪಾಷಾ ಸಂದುಗಳಿಗೆಲ್ಲ ಸೆಣಬಿನ ನಾರು ತುರುಕಿ ಮೇಲೆ ಡಾಂಬರು ಬಳಿದ. ನಿಂಗಯ್ಯ ಅದರ ಮೇಲೆ ಇನ್ನೊಂದು ಸಲ ಬಳಿದ. ಮಣ್ಣು ಹಾಕುವ ಮೊದಲು ತೊಟ್ಟಿಗೆ ಬರೀ ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಮೊಳೆಯಿಂದ ಗೆರೆ ಎಳೆದು, ಅದರ ಎದುರು ಕೂತ. ಬೆಳಗ್ಗೆ ತುಂಬಿದ್ದು ಸಂಜೆಯಾದರೂ ಗೆರೆ ಬಿಟ್ಟು ಇಳಿಯಲಿಲ್ಲ. ನೋಡಲು ಬಂದ ಅಂಕಯ್ಯ ಗೆರೆಯನ್ನೂ ನೀರನ್ನೂ ನೋಡಿ, "ನಾಲೇಲಿ ಇಂತಾ ಕೆಲ್ಸ ಮಾಡಿದ್ರೆ ತಮಿಳ್ನಾಡಿಗೆ ಒಂದು ತೊಟ್ಟೂ ಓಗ್ತಿರ್ನಿಲ್ಲ ಕಣ್ಲಾ ನಿಂಗ" ಎಂದ. ಅಂಕಯ್ಯ ಊರಿನ ನೀರು ಬಳಕೆದಾರರ ಸಂಘದ ಅಧ್ಯಕ್ಷ, ನಿಂಗಯ್ಯನ ಓರಗೆಯವನು. ಈ ಮಾತು ನಿಂಗಯ್ಯನಿಗೆ ಶಾಲಿಗಿಂತ ಹೆಚ್ಚಾಯಿತು.

ಕೆರೆಯ ಗೋಡುಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದರು. ಚಲುವಮ್ಮ ಬೂದಿ ಬೆರೆಸಿ ಇಟ್ಟುಕೊಂಡಿದ್ದ ದಂಟಿನ ಬೀಜವನ್ನು ತಂದು, ನಿಂತುಕೊಂಡೇ, ಬೆರಳ ತುದಿಯಲ್ಲಿ ಉದುರಿಸಿದಳು. ಅವಳ ಬಾಯಿ ಆ ಹೊತ್ತು ಸುಮ್ಮನಿರಲಿಲ್ಲ. ನಿಂಗಯ್ಯನಿಗೆ ಮಣ್ಣಿನ ಹೆಂಟೆ ಸರಿಯಾಗಿ ಒಡೆಯಲಿಲ್ಲವೆಂದು, ಟವೆಲ್ಲು ಕೊಳಕಾಗಿದೆಯೆಂದು, ನಡುವೆ ನಿಂತು ಬಿಸಿಲಿಗೆ ಅಡ್ಡವಾಗಿದ್ದಾನೆಂದು ಬೈದಳು. ನಿಂಗಯ್ಯ ಎಲ್ಲವನ್ನೂ ಕೃತಜ್ಞತೆಯಿಂದ ಅನ್ನಿಸಿಕೊಂಡ.

ಸಸಿ ಎದ್ದಿತು. ದಿನಾ ಬೆಳಗ್ಗೆ ಚಲುವಮ್ಮ ಕುರ್ಚಿ ಬಿಟ್ಟು ಎದ್ದು ಹೋಗಿ ನೋಡಿ ಬರುತ್ತಿದ್ದಳು. ಆಮೇಲೆ ಸಸಿಯ ಬುಡ ಕಪ್ಪಾಯಿತು, ಎಲೆ ಹಳದಿಯಾಯಿತು, ಸಸಿಗಳು ಒಂದೊಂದಾಗಿ ತಲೆ ಬಾಗಿ ಮಲಗಿದವು. ಬೀಜ ಹಳೆಯದೆಂದ ನಿಂಗಯ್ಯ. ಮದ್ದೂರಿನ ಅಂಗಡಿಯಿಂದ ಮೆಂತ್ಯ, ಕೊತ್ತಂಬರಿ ಬೀಜ ತಂದರು. ಅವು ಏಳುವ ಕಷ್ಟವನ್ನೇ ತೆಗೆದುಕೊಳ್ಳದೆ ಒಳಗೇ ಕೊಳೆತವು. ಅಂಗಡಿಯವನು ಮೋಸ ಮಾಡಿದನೆಂದ ನಿಂಗಯ್ಯ. ಅಷ್ಟರಲ್ಲಿ ಮಣ್ಣಿನಿಂದ ಕೊಚ್ಚೆಯ ವಾಸನೆ ಏಳುತ್ತಿತ್ತು, ಸಂಜೆಯ ಹೊತ್ತು ಒಂದು ಕಪ್ಪೆಯೂ ಬಂದು ಕೂರುತ್ತಿತ್ತು.

"ನೀರು ನಿಂತೈತೆ," ಎಂದಳು ಚಲುವಮ್ಮ.

"ನಿಲ್ಲೋಕೆ ಅಂತ್ಲೇ ಅಲ್ವಾ ಕಟ್ಟಿರಾದು?" ಎಂದ ನಿಂಗಯ್ಯ.

ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ಬೈಗುಳ ನಿಂತಿತು. ಮುದ್ದೆ ಮತ್ತೆ ಸಣ್ಣದಾಯಿತು. ಅಶೋಕ ಬಂದು, "ಅಪ್ಪ, ಒಂದು ತೂತು ಆಕ್ಬುಡು, ಏನಾಯ್ತದೆ?" ಎಂದರೆ ನಿಂಗಯ್ಯ ಎದ್ದು ಹೋದ. ಅವನ ಮಟ್ಟಿಗೆ ತೊಟ್ಟಿಯಲ್ಲಿ ದೋಷವಿರಲಿಲ್ಲ. ಅದು ಹಿಡಿಯಬೇಕಾದ್ದನ್ನು ಹಿಡಿದಿತ್ತು. ದೋಷ ಸೊಪ್ಪಿನದು. ಅಂಥ ನೀರಿಗೆ ತಕ್ಕ ಬೆಳೆ ಇಡದೆ ತೊಟ್ಟಿಯನ್ನು ಬೈದರೆ ಏನು ಬಂತು ಎಂದು ಅವನು ತರ್ಕ ಮಾಡಿದ. ಮಂಡ್ಯ ಜಿಲ್ಲೆಯವನಿಗೆ ಅಂಥ ನೀರಿಗೆ ತಕ್ಕ ಬೆಳೆ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಕಯ್ಯನ ಬೋರ್‌ವೆಲ್ ಗದ್ದೆಯಲ್ಲಿ ನಾಟಿ ಮುಗಿದು ಭತ್ತದ ಪೈರು ಮಿಕ್ಕಿತ್ತು. ನಿಂಗಯ್ಯ ಒಂದು ಹಿಡಿ ತಂದ. ತೊಟ್ಟಿಯ ಮಣ್ಣನ್ನು ಕೈಯಲ್ಲೇ ಕಲಸಿ, ಮಟ್ಟ ಮಾಡಿ, ಮೇಲೆ ತೆಳ್ಳಗೆ ನೀರು ನಿಲ್ಲಿಸಿ, ಮೂಲೆಯಲ್ಲಿ ಎರಡು ಸಾಲು ನೆಟ್ಟ. ಪೈರು ಮಾರನೆಯ ದಿನವೇ ನೆಟ್ಟಗೆ ನಿಂತುಕೊಂಡಿತು. ನಿಂಗಯ್ಯ ಅದರ ಮುಂದೆ ನಿಂತು ಬೀಡಿ ಹಚ್ಚಿದ.

ಸುದ್ದಿ ಊರಿಗೆ ಹಬ್ಬಲು ಹೊತ್ತು ಬೇಕಾಗಲಿಲ್ಲ. ಜನ ಬಂದು ನೋಡಿದರು. ನೋಡಿದವರೆಲ್ಲ ಬೇರೆಯೇ ಅರ್ಥ ಮಾಡಿಕೊಂಡರು. "ಎಂಡ್ರು ಬಗ್ಗಿ ನೆಡಾಕಾಗಾಕಿಲ್ಲ ಅಂತ ಗದ್ದೇನೇ ಸೊಂಟದ ಮಟ್ಟಕ್ಕೆ ಎತ್ಬುಟ್ಟವ್ನೆ ಕಣಮ್ಮ! ಇಂತಾ ಗಂಡ ಯಾರ್ಗೆ ಸಿಕ್ಕಾನು?" ಎಂದು ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಂಗಯ್ಯ ಹಾಗೆಂದುಕೊಂಡು ನೆಟ್ಟಿರಲಿಲ್ಲ. ಆದರೆ ಸಂಜೆಯ ಹೊತ್ತಿಗೆ ನಾಲ್ಕಾರು ಜನ ಅದನ್ನೇ ಹೇಳಿದ್ದರಿಂದ, ತಾನು ಹಾಗೆಂದುಕೊಂಡೇ ನೆಟ್ಟದ್ದು ಎಂದು ಅವನಿಗೂ ಅನ್ನಿಸತೊಡಗಿತು. ಅನ್ನಿಸಿದ ಮೇಲೆ ಅವನಿಗೆ ತನ್ನ ಬಗ್ಗೆ ಮನಸ್ಸು ತುಂಬಿ ಬಂತು.

ಭಾನುವಾರ ಅಂಕಯ್ಯ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಮಿಕ್ಕ ಪೈರನ್ನು ಚಲುವಮ್ಮನ ಕೈಯಿಂದ ನೆಡಿಸಿ ಫೋಟೋ ತೆಗೆಯಬೇಕೆಂದು ಅವನ ಆಸೆ. ರೂಪ ಅತ್ತೆಯ ಕೈ ಹಿಡಿದು ಕರೆತಂದಳು. ಚಲುವಮ್ಮ ತೊಟ್ಟಿಯ ಮುಂದೆ ನಿಂತಳು. ಅಂಕಯ್ಯ ಪೈರಿನ ಕಟ್ಟನ್ನು ಅವಳ ಕೈಗಿಟ್ಟು, "ನೆಡಕ್ಕ. ನಿನ್ ನಾಟಿ ಅಂದ್ರೆ ದಾರ ಇಡ್ದಂಗೆ ಇರ್ತಿತ್ತು. ಇವತ್ಗೂ ಮಾತಾಡ್ಕತಾರೆ" ಎಂದ.

ಚಲುವಮ್ಮ ಕೈಯಲ್ಲಿದ್ದ ಪೈರನ್ನು ನೋಡಿದಳು. ಎದುರಿಗಿದ್ದ ಕೆಸರನ್ನು ನೋಡಿದಳು. ಪೈರನ್ನು ತೊಟ್ಟಿಯ ಅಂಚಿನ ಮೇಲೆ ಇಟ್ಟಳು.

"ನಾನು ಕೇಳಿದ್ದು ಸೊಪ್ಪಿನ ಮಡಿ," ಎಂದಳು. ದನಿ ಏರಿಸಲಿಲ್ಲ. "ಜೀವಮಾನ ಎಲ್ಲ ಗದ್ದೇಲಿ ಬಗ್ಗಿದ್ದಾಯ್ತು. ಇನ್ನು ಬಗ್ಗಕಾಗಾಕಿಲ್ಲ ಅಂದ್ರೆ ಗದ್ದೇನೇ ಎದ್ದು ಬಂತಲ್ಲಪ್ಪ ಸಿವ್ನೆ, ಸೊಂಟದ ಗಂಟ!"

ಯಾರೋ ನಕ್ಕರು. ಚಲುವಮ್ಮ ನಗಲಿಲ್ಲವಾದ್ದರಿಂದ ನಿಲ್ಲಿಸಿದರು.

"ದಾರ ಇಡ್ದಂಗೆ ಇರ್ತಿತ್ತು ಅಂದ್ಯಲ್ಲ ಅಂಕಯ್ಯಣ್ಣ, ಯಾವಾಗ ಇರ್ತಿತ್ತು ಏಳು? ನಿಮ್ಮೆಲ್ಲಾರ್ದೂ ಪೈರು ಕಚ್ಕಂಡು ಅಸ್ರಾದ ಮ್ಯಾಲೆ. ನಮ್ಮ ಗದ್ದೆಗೆ ನೀರು ಬರೋ ಒತ್ಗೆ ನಾಟಿ ಆಳ್ಗಳೆಲ್ಲ ಬ್ಯಾರೆ ಕೆಲ್ಸಕ್ಕೆ ಓಗಿರೋರು. ಕರುದ್ರೆ ಯಾರೂ ಬರ್ನಿಲ್ಲ. ಒಬ್ಳೇ ನೆಟ್ಟೆ. ಪ್ರತಿ ವರ್ಸ ಒಬ್ಳೇ. ಸಸಿ ಬುಟ್ಟಿದ್ದ ಒಟ್ಲಲ್ಲೇ ಪೈರು ಬಲ್ತು ಕೈ ಕೊಯ್ಯಾದು. ಈವಯ್ಯ ಏರಿ ಮ್ಯಾಲೆ ಗುದ್ಲಿ ಇಟ್ಕಂಡು ನಿಂತಿರಾದು, ಊರ್ಗೆಲ್ಲ ನ್ಯಾಯ ಮಾಡ್ಬುಟ್ಟೆ ಅಂತ. ಊರ್ಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ಗಾದೆ ಅಲ್ಲ ಕಣಪ್ಪ, ನಮ್ಮನೆ ಅಡ್ರಸ್ಸು."

ಅಂಕಯ್ಯ ಅಂಚಿನ ಮೇಲಿದ್ದ ಪೈರಿನ ಕಟ್ಟನ್ನು ಎತ್ತಿಕೊಳ್ಳಲು ಹೋದ.

"ಕೈ ಕೆಸ್ರಾದ್ರೆ ಬಾಯಿ ಮೊಸ್ರು ಅಂತೀರಿ. ಮೊಸ್ರು ಎಲ್ಲೋಯ್ತೋ ನಂಗೆ ಗೊತ್ತಿಲ್ಲ. ಮಂಡಿ ಮಾತ್ರ ಆ ಕೆಸ್ರಲ್ಲೇ ಓಯ್ತು. ನಂಗೆ ಗದ್ದೆ ಕಂಡ್ರೆ ಆಗಾಕಿಲ್ಲ. ಯಾವತ್ತೂ ಆಗ್ತಿರ್ನಿಲ್ಲ. ಯಾರೂ ಕೇಳ್ನಿಲ್ಲ, ನಾನೂ ಏಳ್ನಿಲ್ಲ."

ಹೇಳಿ ಒಳಗೆ ಹೋದಳು. ಅಂಗಳದಲ್ಲಿದ್ದ ಒಬ್ಬೊಬ್ಬರಿಗೂ ಏನೇನೋ ಕೆಲಸ ನೆನಪಾಗಿ ಹೊರಟುಹೋದರು. ರೂಪ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆಯ ಹಿಂದೆ ಹೋದಳು. ನಿಂಗಯ್ಯ ಒಬ್ಬನೇ ಉಳಿದ.

ಅವನಿಗೆ ಮೊದಲು ಬಂದದ್ದು ಸಿಟ್ಟು. ಹೊರಗಿನವರ ಮುಂದೆ ಹೀಗೆ ಹರಾಜು ಹಾಕಬೇಕಿತ್ತೇ? ತಾನು ಕದ್ದಿದ್ದನೇ, ಕುಡಿದಿದ್ದನೇ? ಸಿಟ್ಟಿನಲ್ಲಿ ನಡೆಯುತ್ತ ನಾಲೆಯ ಏರಿಯವರೆಗೂ ಹೋದ. ನೀರು ಇನ್ನೂ ಬಿಟ್ಟಿರಲಿಲ್ಲ. ತೂಬಿನ ಮಗ್ಗುಲಲ್ಲಿ ಅವನ ಗದ್ದೆ ಒಣಗಿ ಮಲಗಿತ್ತು. ಪ್ರತಿ ವರ್ಷ ಅವನು ನಿಲ್ಲುತ್ತಿದ್ದ ಜಾಗ ಇದೇ. ಆಗೆಲ್ಲ ಸುತ್ತಲೂ ಹಸಿರಾದ ಗದ್ದೆಗಳ ನಡುವೆ ಇದೊಂದೇ ಕಪ್ಪು ಕೆಸರು, ಅದರಲ್ಲಿ ಬಗ್ಗಿದ ಒಂದೇ ಬೆನ್ನು. ಅವನು ಅದನ್ನು ನೋಡಿರಲಿಲ್ಲ ಎಂದಲ್ಲ. ದಿನಾ ನೋಡುತ್ತಿದ್ದ. ನೋಡಿದಾಗಲೆಲ್ಲ ಅವನಿಗೆ ಹೆಮ್ಮೆಯಾಗುತ್ತಿತ್ತು. ನನ್ನ ಗದ್ದೆಯೇ ಕೊನೆ, ನೋಡಿಕೊಳ್ಳಿ ಎಂದು ದಾರಿಯಲ್ಲಿ ಹೋಗುವವರಿಗೆ ತೋರಿಸುತ್ತಿದ್ದ. ಬಗ್ಗಿದ ಬೆನ್ನು ಅವನ ನ್ಯಾಯಕ್ಕೆ ಸಾಕ್ಷಿಯಾಗಿತ್ತು.

ನಿಂಗಯ್ಯನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಏನು ಮಾಡಬೇಕೆಂಬ ಅಭ್ಯಾಸ ಅವನಿಗಿರಲಿಲ್ಲ. ಊರಿನವರು ಅಂಥ ಅವಕಾಶ ಕೊಟ್ಟಿರಲಿಲ್ಲ.

ಮನೆಗೆ ಬಂದಾಗ ಚಲುವಮ್ಮ ಕುರ್ಚಿಯಲ್ಲಿದ್ದಳು. "ಕಾಪಿ ಕುಡುದ್ಯಾ?" ಎಂದ. "ಊಂ" ಎಂದಳು. ಕುರ್ಚಿಯ ಪಕ್ಕಕ್ಕೆ ಬಂದು ನಿಂತು, "ಮಂಡಿ ಎಂಗೈತೆ?" ಎಂದು ಕೇಳಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಇದನ್ನು ಕೇಳಿದ್ದು ಅದೇ ಮೊದಲು. ರೂಪ ಕೇಳುತ್ತಿದ್ದಳಲ್ಲ ಎಂದು ಬಿಟ್ಟಿದ್ದ.

"ಬಿಗೀತಾ ಐತೆ," ಎಂದಳು ಚಲುವಮ್ಮ.

ನಿಂಗಯ್ಯ ಹೊರಗೆ ಹೋಗಿ ಪಾಷಾನಿಗೆ ಫೋನು ಮಾಡಿದ. "ಪಾಷಾ, ನಾಳಿಕ್ಕೆ ಬಾ. ತೊಟ್ಟಿ ಕೆಲ್ಸ ಐತೆ."

ಪಾಷಾ ಗಾಬರಿಯಾದ. "ಯಾಕಣ್ಣ, ಸೋರ್ತಾ ಐತಾ?"

"ಇಲ್ಲ," ಎಂದ ನಿಂಗಯ್ಯ. "ಅದೇ ತೊಂದ್ರೆ. ಡ್ರಿಲ್ಲು ತಗಂಬಾ."

"ನೀರಿರೋ ಕಡೆ ಕರೆಂಟು ಬ್ಯಾಡ ಅಣ್ಣ, ಇಬ್ರೂ ಓಯ್ತೀವಿ. ಬೈರಿಗೆ ತತ್ತೀನಿ. ಕೈಯಲ್ಲಿ ತಿರುಗ್ಸಾದು."

ಬೆಳಗ್ಗೆ ಪಾಷಾ ಬೈರಿಗೆಯೊಂದಿಗೆ ಬಂದ. ನಿಂಗಯ್ಯ ಜಗಲಿಗೆ ಹೋಗಿ ಹೆಂಡತಿಯ ಮುಂದೆ ನಿಂತ.

"ಇವ್ಳೆ, ವಸಿ ಈಚೆಗೆ ಬಾ. ತೂತು ಎಲ್ಲೆಲ್ಲಿ ಆಕ್ಬೇಕು ಏಳು."

"ಯಾವ ತೂತು?"

"ನಿನ್ನ ಮಡೀಗೆ."

ಚಲುವಮ್ಮ ಅವನ ಮುಖ ನೋಡಿದಳು. ಜ್ವರ ಗಿರ ಬಂದಿದೆಯೋ ಎಂದು ನೋಡುವ ಹಾಗೆ ನೋಡಿದಳು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದಳು. ಏಳುವಾಗ ನೋವಾಯಿತು, ಮುಖ ಗಂಟಿಕ್ಕಿಕೊಂಡು, ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಅಂಗಳಕ್ಕೆ ಬಂದಳು. ಮೊದಲು ಅಲ್ಲಿದ್ದ ಪೈರನ್ನು ಬೇರು ಸಮೇತ ಕಿತ್ತು ಅಂಗಳದ ಮೂಲೆಯಲ್ಲಿ ಕಟ್ಟಿದ್ದ ಹಸುವಿನ ಮುಂದೆ ಎಸೆದಳು. ಜಿಲ್ಲೆಯ ಅತಿ ಎತ್ತರದ ಗದ್ದೆ ಅಲ್ಲಿಗೆ ಮುಗಿಯಿತು. ಆಮೇಲೆ ಕೆಸರಿಗೆ ಕೈ ಹಾಕಿ, ಎಲ್ಲಿ ನೀರು ಹೆಚ್ಚು ನಿಂತಿದೆ ಎಂದು ಅಂಗೈಯಲ್ಲಿ ತಡವಿ ನೋಡಿ, "ಇಲ್ಲೊಂದು ಆಕು" ಎಂದು ಹಲಗೆ ತಟ್ಟಿ ತೋರಿಸಿದಳು.

ಪಾಷಾ ಬೈರಿಗೆ ಹಿಡಿದು ಬಗ್ಗಿದ. ನಿಂಗಯ್ಯ ಅವನ ಭುಜ ಹಿಡಿದು ನಿಲ್ಲಿಸಿದ. "ಕೊಡು ಇಲ್ಲಿ. ಮುಚ್ಚಿದ್ದು ನಾನು."

ತೊಟ್ಟಿಯ ತಳಕ್ಕೆ ತೂತು ಹಾಕಬೇಕಾದರೆ ಅದರ ಕೆಳಗೆ ನುಗ್ಗಬೇಕು. ನಿಂಗಯ್ಯ ಪಂಚೆ ಎತ್ತಿ ಕಟ್ಟಿ, ಕಲ್ಲುಕಂಬಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು, ಕತ್ತು ಮೇಲಕ್ಕೆತ್ತಿ ಬೈರಿಗೆ ತಿರುಗಿಸಿದ. ತೂಬಿನ ಹಲಗೆ ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಮೊದಲು ಹೊಟ್ಟು ಉದುರಿತು, ಆಮೇಲೆ ಡಾಂಬರಿನ ಚೂರು, ಆಮೇಲೆ ಕಪ್ಪು ನೀರು ಅವನ ಮುಖದ ಮೇಲೆಯೇ ಸುರಿಯಿತು. ನಿಂಗಯ್ಯನ ಕೈ ಅಭ್ಯಾಸಬಲದಿಂದ ಮೇಲೆ ಹೋಗಿ ಹೆಬ್ಬೆರಳು ತೂತನ್ನು ಮುಚ್ಚಿತು.

"ಬೆಳ್ಳು ತಗಿ," ಎಂದಳು ಚಲುವಮ್ಮ ಮೇಲಿನಿಂದ. ನೀರು ನಿಂತದ್ದು ಅವಳಿಗೆ ಗೊತ್ತಾಗಿತ್ತು.

ನಿಂಗಯ್ಯ ಬೆರಳು ತೆಗೆದ.

ನೀರು ಅಂಗಳ ತೋಯಿಸಿ ಬಾಗಿಲಿನ ಕಡೆಗೆ ಹರಿಯುತ್ತಿರುವಾಗ ಎರಡು ಬೈಕು ಬಂದು ನಿಂತವು. ಅಂಕಯ್ಯ, ಹಿಂದೆ ಮೂವರು. ನಾಲೆಗೆ ಬೆಳಗ್ಗೆ ನೀರು ಬಂದಿತ್ತು. ಹೊಸ ನೀರುಗಂಟಿಗೆ ಪಾಳಿ ಗೊತ್ತಿಲ್ಲದೆ ಮೇಲಿನ ಗದ್ದೆಯವರೂ ಕೆಳಗಿನ ಗದ್ದೆಯವರೂ ತೂಬಿನ ಹತ್ತಿರ ಗುದ್ದಲಿ ಎತ್ತಿಕೊಂಡು ನಿಂತಿದ್ದರು.

"ನಿಂಗ, ನಡಿ ನಡಿ," ಎಂದು ಅಂಕಯ್ಯ ಏದುಸಿರಿನಲ್ಲಿ ಹೇಳಿದ. "ನೀನೇ ಬಂದು ಪಾಳಿ ಏಳ್ಬೇಕಂತೆ. ನೀನು ಏಳುದ್ರೆ ಮಾತ್ರ ಕೇಳ್ತಾರಂತೆ." ಆಮೇಲೆ ಚಪ್ಪಲಿ ಒದ್ದೆಯಾದದ್ದನ್ನು ನೋಡಿ, ತೊಟ್ಟಿಯ ಕೆಳಗೆ ಬಗ್ಗಿ ನೋಡಿ, ಗಾಬರಿಯಾಗಿ, "ಲೇ ನಿಂಗ, ಸೋರ್ತಾ ಐತಲ್ಲೋ!" ಎಂದ.

"ಸೋರ್ಲಿ ಬುಡು," ಎಂದ ನಿಂಗಯ್ಯ ಕೆಳಗಿನಿಂದ.

ಅಂಕಯ್ಯ ಹಿಂದಿದ್ದವರ ಮುಖ ನೋಡಿದ. ಅವರಿಗೂ ಏನೂ ಅರ್ಥವಾಗಿರಲಿಲ್ಲ.

"ಇನ್ನೊಂದು ಈ ಮೂಲೇಲಿ," ಎಂದು ಚಲುವಮ್ಮ ಹಲಗೆ ತಟ್ಟಿದಳು. ನಿಂಗಯ್ಯ ಕೂತಲ್ಲೇ ತೆವಳಿಕೊಂಡು ಆ ಮೂಲೆಗೆ ಸರಿದ. ಅವನ ಮಂಡಿ ಲಟಕ್ಕೆಂದಿತು. ತಲೆಯಿಂದ ಕತ್ತಿನವರೆಗೂ ಕೊಚ್ಚೆ ಇಳಿಯುತ್ತಿತ್ತು. ಅವನು ಹೀಗೆ ಕೆಸರಿನಲ್ಲಿ ಕೂತು, ಅವನ ಹೆಂಡತಿ ನೆಟ್ಟಗೆ ನಿಂತು ಹೇಳುತ್ತಿರುವುದನ್ನು ಆ ಊರಿನಲ್ಲಿ ಯಾರೂ ಯಾವತ್ತೂ ನೋಡಿರಲಿಲ್ಲ.

"ಅಲ್ಲಿ ತಲೆ ಒಡುದೋಗ್ತವೆ ಕಣ್ಲಾ," ಎಂದ ಅಂಕಯ್ಯ. "ಇದನ್ನ ಆಮ್ಯಾಕೆ ಮಾಡ್ಕಂಡ್ರಾಯ್ತು. ಊರ್ದು ಮೊದ್ಲು ಮುಗ್ಸು."

"ಪಾಳಿ ಅವಳ್ದು," ಎಂದ ನಿಂಗಯ್ಯ. "ಅವಳ್ದಾದ ಮ್ಯಾಲೆ ಊರ್ದು."

"ಎಷ್ಟೊತ್ತಾಯ್ತದೆ?"

"ಅವ್ಳ್ನ ಕೇಳು."

ಅಂಕಯ್ಯ ನೀರಿನ ವಿಷಯವನ್ನು ಎಂಜಿನಿಯರನ್ನು ಕೇಳಿದ್ದ, ಎಂಎಲ್‌ಎಯನ್ನು ಕೇಳಿದ್ದ. ಚಲುವಮ್ಮನನ್ನು ಕೇಳಿರಲಿಲ್ಲ. ಒದ್ದೆ ಚಪ್ಪಲಿಯನ್ನು ಬಿಟ್ಟು, ಒಂದು ಹೆಜ್ಜೆ ಮುಂದೆ ಬಂದು, "ಅಕ್ಕ, ಇನ್ನೂ ಎಷ್ಟೊತ್ತಕ್ಕ?" ಎಂದ.

ಚಲುವಮ್ಮ ಒಂದು ಹಿಡಿ ಮಣ್ಣು ಎತ್ತಿ ಹಿಂಡಿ ನೋಡಿದಳು. ಬೆರಳುಗಳ ನಡುವಿನಿಂದ ಇನ್ನೂ ನೀರು ಇಳಿಯಿತು.

"ಬಸೀತಾ ಐತೆ ಕಣಪ್ಪ," ಎಂದಳು. "ಕಾಯಿರಿ."

ಅವರು ಕಾದರು.